ತುಂಗೆಯ ಮೀನು ಭದ್ರೆಗೆ ಹೋಗಬೇಕಂದರೆ

ಮೊದಲ ದೊಡ್ಡ ಮಳೆ ಬಿದ್ದ ರಾತ್ರಿ ಊರಿನಿಂದ ಚಿಕ್ಕಪ್ಪನ ಫೋನ್ ಬಂದೇ ಬರುತ್ತದೆ. ಎಷ್ಟೋ ವರ್ಷದಿಂದ ಇದು ನಡೆದುಬಂದಿದೆ. ನಾನು ಬೆಂಗಳೂರಿನಲ್ಲಿ ಟ್ರಾಫಿಕ್ಕಿನ ನಡುವೆ ಸಿಕ್ಕಿಕೊಂಡಿರುತ್ತೇನೆ. ಆ ಕಡೆಯಿಂದ ಹಂಚಿನ ಮೇಲೆ ಮಳೆ ಬೀಳುವ ಸದ್ದು, ಅದರ ಹಿಂದೆ ಅವರ ಗಂಟಲು: "ಹಳ್ಳ ಬಂತು ಮಾರಾಯ!"

ಈ ಸಲವೂ ಬಂತು. ನಾನು ಎಂದಿನಂತೆ ಕೇಳಿದೆ, "ಮೀನು ಹತ್ತಿದ್ವಾ ಚಿಕ್ಕಪ್ಪ?"

"ಎಂತ ಹತ್ತೋದು. ಪೈಪಿನ ಕೆಳಗೆ ನಿಂತಿದಾವೆ."

ಪೈಪಿನ ಕಥೆ ಆಮೇಲೆ ಹೇಳುತ್ತೇನೆ. ಮಲೆನಾಡಿನ ಕಡೆಯವರಲ್ಲದವರಿಗೆ ಮೊದಲು ಹತ್ತುಮೀನಿನ ವಿಷಯ ಹೇಳಬೇಕು. ಬೇಸಗೆಯೆಲ್ಲ ಹೊಳೆಯ ಗುಂಡಿಗಳಲ್ಲಿ ಕಾಲ ಕಳೆದ ಮೀನುಗಳು, ಮೊದಲ ಮಳೆಗೆ ನೀರು ಕೆಂಪಾಗಿ ಏರುತ್ತಿದ್ದ ಹಾಗೇ ನೀರಿಗೆ ಎದುರಾಗಿ ಹೊರಡುತ್ತವೆ. ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಇನ್ನೂ ಸಣ್ಣ ಹಳ್ಳಕ್ಕೆ, ಕೊನೆಗೆ ಗದ್ದೆಯ ಅಂಚಿನವರೆಗೂ ಹತ್ತಿ ಮೊಟ್ಟೆ ಇಡುತ್ತವೆ. ಮೊಣಕಾಲು ಮುಳುಗದಷ್ಟು ನೀರಿನಲ್ಲಿ ಬೆನ್ನು ಕಾಣಿಸುತ್ತಾ ಹೋಗುವ ಮೀನನ್ನು ನೋಡಿದರೆ, ಇದಕ್ಕೆ ಇಷ್ಟು ಅವಸರ ಯಾಕೆ ಅನ್ನಿಸಬೇಕು. ಚಿಕ್ಕವರಿದ್ದಾಗ ನಮಗೆ ಆ ಪ್ರಶ್ನೆ ಬಂದಿರಲಿಲ್ಲ. ಬ್ಯಾಟರಿ, ಕತ್ತಿ, ಕೂಳಿ ಹಿಡಿದು ಓಡುವುದೊಂದೇ ಗೊತ್ತಿತ್ತು. ಮೊಟ್ಟೆ ಇಡಲು ಹೊರಟ ಮೀನನ್ನು ಹಾದಿಯಲ್ಲೇ ಕಡಿಯುವುದು ಎಂಥ ಕೆಲಸ ಅಂತ ಈಗ ಅನ್ನಿಸುತ್ತದೆ. ಆಗ ಸಾರಿನ ರುಚಿ ಮಾತ್ರ ಗೊತ್ತಿತ್ತು.

ನಮ್ಮೂರು ತೀರ್ಥಹಳ್ಳಿ ಕಡೆ. ಮನೆ ಹಿಂದಿನ ಹಳ್ಳಕ್ಕೆ ಹೆಸರಿಲ್ಲ. ಮೇಲಿನ ಮನೆಯವರು ಅದನ್ನು ಕೆಳಗಿನ ಹಳ್ಳ ಅಂತಾರೆ, ಕೆಳಗಿನ ಮನೆಯವರು ಮೇಲಿನ ಹಳ್ಳ ಅಂತಾರೆ, ನಾವು ಸುಮ್ನೆ ಹಳ್ಳ ಅಂತೀವಿ. ಅದು ಹೋಗಿ ಇನ್ನೊಂದು ಹಳ್ಳಕ್ಕೆ ಸೇರಿ, ಇಬ್ಬರೂ ಕೂಡಿ ಮಾಲತಿ ಹೊಳೆಗೆ ಸೇರಿ, ಮಾಲತಿ ತುಂಗೆಗೆ ಸೇರಿ, ತುಂಗೆ ಕೂಡ್ಲಿಯಲ್ಲಿ ಭದ್ರೆಯ ಜೊತೆಯಾಗಿ, ತುಂಗಭದ್ರೆ ಕೃಷ್ಣೆಗೆ ಸೇರಿ ಕೊನೆಗೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಶಾಲೆಯಲ್ಲಿ ನದಿಯ ಪಾಠ ಹೇಳುವಾಗ ಮೇಷ್ಟ್ರು ಬೋರ್ಡಿನ ಮೇಲೆ ಒಂದು ಉದ್ದ ಗೆರೆ ಎಳೆದು, ಅಕ್ಕಪಕ್ಕ ನಾಲ್ಕು ಕಡ್ಡಿ ಹಚ್ಚುತ್ತಿದ್ದರು. ಗೆರೆ ಮುಖ್ಯ, ಕಡ್ಡಿ ಉಪನದಿ. ಪರೀಕ್ಷೆಗೆ ಕಡ್ಡಿಗಳ ಹೆಸರು ಬಾಯಿಪಾಠ ಮಾಡಿದರೆ ಸಾಕು. ಹೆಸರಿಲ್ಲದ ನಮ್ಮ ಹಳ್ಳ ಆ ಬೋರ್ಡಿನ ಮೇಲೆ ಎಲ್ಲೂ ಇರಲಿಲ್ಲ.

ಒಂದು ಸೆಂಟಿಮೀಟರಿಗೆ ಅರ್ಧ ಕಿಲೋಮೀಟರು ಲೆಕ್ಕದ ಸರ್ವೆ ನಕ್ಷೆ ತಂದು ಹುಡುಕಿದೆ. ಅದರಲ್ಲೂ ಇಲ್ಲ. ಎರಡನೇ ಹಳ್ಳ ಇದೆ, ನೀಲಿ ದಾರದ ಎಳೆಯ ಹಾಗೆ. ನಮ್ಮದು ಬಿಟ್ಟುಹೋಗಿದೆ. ಹುಡುಕುತ್ತಾ ಹೋದಂತೆ ಬೇರೊಂದು ತಮಾಷೆ ಕಂಡಿತು: ದೊಡ್ಡ ಹೊಳೆಗಳನ್ನು ಅಳಿಸಿ ಸಣ್ಣವನ್ನು ಮಾತ್ರ ಉಳಿಸಿಕೊಂಡರೂ ನಕ್ಷೆಯ ನೀಲಿ ಹೆಚ್ಚೇನೂ ಕಡಿಮೆಯಾಗುವುದಿಲ್ಲ. ಅಷ್ಟು ಜಾಸ್ತಿ ಇವೆ ಅವು.

ಇದಕ್ಕೆ ಲೆಕ್ಕ ಹಾಕಿದವರೂ ಇದ್ದಾರೆ. ಅಮೆರಿಕದ ರಾಬರ್ಟ್ ಹಾರ್ಟನ್ ಎಂಬ ಎಂಜಿನಿಯರು 1945ರಲ್ಲಿ ಹೊಳೆಗಳಿಗೆ ನಂಬರು ಕೊಡುವ ಒಂದು ಪದ್ಧತಿ ಹಾಕಿಕೊಟ್ಟರು. 1950ರ ದಶಕದಲ್ಲಿ ಭೂವಿಜ್ಞಾನಿ ಆರ್ಥರ್ ಸ್ಟ್ರಾಲರ್ ಅದನ್ನು ಸರಳ ಮಾಡಿದರು. ಬೇರೆ ಯಾವುದೂ ಬಂದು ಸೇರದ, ತುದಿಯ ಹಳ್ಳಕ್ಕೆ ಒಂದನೇ ನಂಬರು. ಒಂದನೇ ನಂಬರಿನವು ಎರಡು ಕೂಡಿದರೆ ಮುಂದಿನದಕ್ಕೆ ಎರಡು. ಎರಡನೇ ನಂಬರಿನವು ಎರಡು ಕೂಡಿದರೆ ಮೂರು. ಆದರೆ ಮೂರನೇ ನಂಬರಿನ ಹೊಳೆಗೆ ಒಂದನೇ ನಂಬರಿನ ಹಳ್ಳ ಎಷ್ಟು ಬಂದು ಸೇರಿದರೂ ಅದು ಮೂರೇ. ಸಮಾನರು ಕೂಡಿದರೆ ಮಾತ್ರ ಬಡ್ತಿ. ಸಾಮಾನ್ಯವಾಗಿ ಒಂದು ನಂಬರಿನ ಹೊಳೆಗಳ ಸಂಖ್ಯೆ ಅದರ ಮೇಲಿನ ನಂಬರಿನವಕ್ಕಿಂತ ಮೂರರಿಂದ ಐದು ಪಟ್ಟು ಇರುತ್ತದೆ. ನಾಲ್ಕು ಪಟ್ಟು ಅಂತ ಹಿಡಿದರೆ, ಐದನೇ ನಂಬರಿನ ಒಂದು ಹೊಳೆಯ ಹಿಂದೆ 256 ತುದಿಹಳ್ಳಗಳು. ನದಿಯ ಎಲ್ಲ ಕವಲುಗಳ ಉದ್ದ ಕೂಡಿಸಿದರೆ ಅದರಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಇಂಥ ಒಂದು, ಎರಡನೇ ನಂಬರಿನವೇ. ಅಂದರೆ ನದಿ ಅಂತ ನಾವು ಕೈ ಮುಗಿಯುವುದು, ಸೇತುವೆ ಮೇಲೆ ನಿಂತು ಸೆಲ್ಫಿ ತೆಗೆಯುವುದು ಆ ಉಳಿದ ಕಾಲು ಪಾಲಿಗೆ. (ಬೆಂಗಳೂರಿನಲ್ಲಿ ನಾವು ಮೂಗು ಮುಚ್ಚಿಕೊಂಡು ದಾಟುವ ಎಷ್ಟೋ ರಾಜಕಾಲುವೆಗಳು ಕೂಡ ಇಂಥ ಹಳ್ಳಗಳೇ ಆಗಿದ್ದವು. ವೃಷಭಾವತಿಗೆ ಸೇರಿ, ಅರ್ಕಾವತಿಗೆ ಸೇರಿ, ಕಾವೇರಿಗೆ ಹೋಗುವಂಥವು. ಆ ಕಥೆ ಇಲ್ಲಿ ಬೇಡ.)

ತುದಿಹಳ್ಳದ ಬದುಕೇ ಬೇರೆ. ಮೇಲೆ ಕಾಡು ಕವಿದಿರುವುದರಿಂದ ಬಿಸಿಲು ಬೀಳುವುದು ಕಡಿಮೆ, ಹಾಗಾಗಿ ಪಾಚಿ ಬೆಳೆಯುವುದೂ ಕಡಿಮೆ. ಊಟ ಏನಿದ್ದರೂ ಮೇಲಿಂದ ಬೀಳಬೇಕು. ಎಲೆ, ಹೂವು, ಕಡ್ಡಿ, ತಪ್ಪಿ ಬಿದ್ದ ಇರುವೆ. ನಮ್ಮ ಹಳ್ಳದಲ್ಲಿ ಎಲೆ ಕೂಡಿಕೊಂಡಿರುವ ಜಾಗದಲ್ಲಿ ಕೈ ಹಾಕಿ ಒಂದು ಹಿಡಿ ತೆಗೆದು ಬಿಳಿ ತಟ್ಟೆಗೆ ಹಾಕಿ ನೋಡಿ. ಮೊದಲು ಬರೀ ಕೊಳೆತ ಎಲೆ ಅನ್ನಿಸುತ್ತದೆ. ಎರಡು ನಿಮಿಷ ಬಿಟ್ಟರೆ ಕಸವೇ ಎದ್ದು ನಡೆಯಲು ಶುರುಮಾಡುತ್ತದೆ. ಮರಳಿನ ಕಾಳು, ಎಲೆಯ ಚೂರು ಅಂಟಿಸಿಕೊಂಡು ಮೈಮೇಲೆ ಚೀಲ ಹೊಲಿದುಕೊಂಡ ಹುಳ ಒಂದು, ತಲೆ ಮಾತ್ರ ಹೊರಗೆ ಹಾಕಿ ಮನೆ ಎಳೆದುಕೊಂಡು ಹೋಗುತ್ತದೆ. ಎಲೆಯ ನರ ಬಿಟ್ಟು ಮಾಂಸ ಮಾತ್ರ ತಿಂದ ಬಲೆಯಂಥ ಎಲೆಗಳು ಸಿಗುತ್ತವೆ, ಅದು ಇಂಥವರ ಕೆಲಸ. ಇವರು ಹರಿದು ಚೂರು ಮಾಡಿ ಬಿಟ್ಟದ್ದು ಕೆಳಗಿನ ಹೊಳೆಯವರಿಗೆ ಊಟ. ಕೆಳಗೆ ನೀರಿನಲ್ಲಿ ಬಲೆ ಕಟ್ಟಿಕೊಂಡು, ತೇಲಿ ಬಂದ ಚೂರನ್ನು ಸೋಸಿ ತಿನ್ನುವ ಹುಳಗಳಿವೆ. ಅವನ್ನು ತಿನ್ನುವ ಮೀನುಗಳಿವೆ.

ಇಂಥ ತುದಿಹಳ್ಳಗಳಲ್ಲೇ ಹುಟ್ಟಿ ಅಲ್ಲೇ ಸಾಯುವವರೂ ಇದ್ದಾರೆ. ಸಿದ್ದಾಪುರ ತಾಲ್ಲೂಕಿನ ಕಾತಲೆಕಾನಿನಲ್ಲಿ, ರಾಮಪತ್ರೆ ಜಡ್ಡಿಯ (ಸದಾ ನೀರು ನಿಲ್ಲುವ ಜೌಗು ಕಾಡಿನ) ಬೇರುಗಳು ಕೆಸರಿನಿಂದ ಮಂಡಿ ಎತ್ತಿ ನಿಂತಿರುವ ಕಡೆ, ಕುಂಬಾರ ಕಪ್ಪೆ ಇದೆ. ವಿಜ್ಞಾನಿಗಳು ಅದಕ್ಕೆ ಹೆಸರಿಟ್ಟಿದ್ದು 2014ರಲ್ಲಿ. ಹೆಣ್ಣು ನೀರಿನ ಮೇಲೆ ಬಾಗಿದ ಕಡ್ಡಿಗೋ ಕಾಂಡಕ್ಕೋ ಮೊಟ್ಟೆ ಅಂಟಿಸುತ್ತದೆ. ಆಮೇಲೆ ಗಂಡು ಹಳ್ಳದ ತಳದಿಂದ ಮುಂಗೈ ತುಂಬ ಕೆಸರು ಬಾಚಿ, ಹಿಂಗಾಲ ಮೇಲೆ ಎದ್ದು ನಿಂತು, ಮೊಟ್ಟೆಗಳಿಗೆ ಮೆತ್ತುತ್ತದೆ. ಥೇಟ್ ಗೋಡೆಗೆ ಮಣ್ಣು ಮೆತ್ತುವ ಹಾಗೆ. ಮೊಟ್ಟೆ ಒಣಗಬಾರದು, ಯಾರ ಕಣ್ಣಿಗೂ ಬೀಳಬಾರದು. ಈ ಆಸಾಮಿಗೆ ಬೇಕಾದ್ದು ಅಂಗೈ ಆಳದ ನೀರು, ಮೆತ್ತನೆ ಕೆಸರು, ಕೈಗೆಟಕುವ ಕಡ್ಡಿ. ದೊಡ್ಡ ಹೊಳೆಯ ಸೆಳವಿನಲ್ಲಿ ಬಿಟ್ಟರೆ ಮಣ್ಣಿನ ಕೆಲಸ ಹಾಗಿರಲಿ, ತಾನೇ ಉಳಿಯುವುದಿಲ್ಲ.

1980ರಲ್ಲಿ ಹೊಳೆಗಳ ಜೀವವಿಜ್ಞಾನಿ ರಾಬಿನ್ ವ್ಯಾನೋಟ್ ಮತ್ತು ನಾಲ್ವರು ಸಂಗಡಿಗರು ಇದನ್ನೆಲ್ಲ ಒಂದು ದಾರದಲ್ಲಿ ಪೋಣಿಸಿದರು. ಮೇಲೆ ನೆರಳು ಮತ್ತು ಎಲೆ, ನಡುವೆ ಬಿಸಿಲು ಮತ್ತು ಪಾಚಿ, ಕೆಳಗೆ ಕದಡಿದ ನೀರು ಮತ್ತು ತೇಲಿ ಬಂದ ಚೂರು. ಇದಕ್ಕೆ ತಕ್ಕಂತೆ ಜೀವಿಗಳೂ ಮೆಲ್ಲಗೆ ಬದಲಾಗುತ್ತಾ ಹೋಗುತ್ತವೆ ಅನ್ನುವುದು ಅವರ ಮಾತು. ಒಳ್ಳೆ ಮಾತೇ. ಆದರೆ ಚಿಕ್ಕಪ್ಪನ ಜೊತೆ ಗಾಳ ಹಿಡಿದು ಹೋದವರಿಗೆ ಅದರಲ್ಲಿ ಏನೋ ಕಡಿಮೆ ಇದೆ ಅಂತ ತಕ್ಷಣ ಹೊಳೆಯುತ್ತದೆ. ಹೊಳೆ ಹಾಗೆ ಮೆಲ್ಲಗೆ ಬದಲಾಗುವುದಿಲ್ಲ. ಒಂದೊಂದು ಹಳ್ಳ ಬಂದು ಸೇರಿದ ಕಡೆಯೂ ಜಿಗಿಯುತ್ತದೆ. 2004ರಲ್ಲಿ ಲೀ ಬೆಂಡಾ ಮತ್ತಿತರ ವಿಜ್ಞಾನಿಗಳು ಹೇಳಿದ್ದು ಹೆಚ್ಚುಕಡಿಮೆ ಇದನ್ನೇ. ನದಿಯನ್ನು ದಾರದ ಹಾಗೆ ನೋಡಬೇಡಿ, ಮರದ ಹಾಗೆ ನೋಡಿ, ವಿಶೇಷ ಇರುವುದು ಕವಲು ಕೂಡುವ ಗಂಟುಗಳಲ್ಲಿ ಅಂದರು.

ನಮ್ಮ ಹಳ್ಳದ ನೀರು ಮಾಲತಿಗೆ ಬೀಳುವ ಜಾಗಕ್ಕೆ ಹಳ್ಳದ ಬಾಯಿ ಅನ್ನುತ್ತೇವೆ. ಚಿಕ್ಕಪ್ಪ ಗಾಳ ಹಾಕುವುದು ಅಲ್ಲೇ. ಹೊಳೆಯುದ್ದಕ್ಕೂ ಎಷ್ಟೋ ಚಂದದ ಜಾಗ ಇದ್ದರೂ ಅಲ್ಲೇ ಯಾಕೆ ಅಂತ ಒಮ್ಮೆ ಕೇಳಿದ್ದೆ. "ಅಲ್ಲಿ ಎಲ್ಲಾ ನಮೂನೆ ನೀರೂ ಉಂಟಲ್ಲ" ಅಂದಿದ್ದರು. ಆಗ ಅರ್ಥ ಆಗಿರಲಿಲ್ಲ. ಕಳೆದ ಏಪ್ರಿಲ್‌ನಲ್ಲಿ ಹೋಗಿ ಒಂದು ಮಧ್ಯಾಹ್ನ ಸುಮ್ನೆ ಕೂತು ನೋಡಿದೆ. ಹಳ್ಳ ಮಳೆಗಾಲದಲ್ಲಿ ಹೊತ್ತು ತಂದ ಕಲ್ಲುಗಳು ಬಾಯಲ್ಲಿ ಬೀಸಣಿಗೆಯ ಹಾಗೆ ಹರಡಿಕೊಂಡಿದ್ದವು. ಹೊಳೆಯ ತಳದ ಕಲ್ಲುಗಳು ಉರುಳಿ ಉರುಳಿ ನಿಂಬೆಹಣ್ಣಿನಷ್ಟಾಗಿದ್ದರೆ, ಹಳ್ಳ ತಂದವು ತೆಂಗಿನಕಾಯಿಯಷ್ಟು. ಅವುಗಳ ಸಂದಿಯಲ್ಲಿ ಏಡಿ, ಸೀಗಡಿ, ಹೊಟ್ಟೆಯಿಂದ ಕಲ್ಲಿಗೆ ಅಂಟಿಕೊಂಡಿರುವ ಬೆರಳುದ್ದದ ಮೀನು. ಸ್ವಲ್ಪ ಕೆಳಗೆ, ಎರಡು ನೀರೂ ಒಂದಕ್ಕೊಂದು ತಾಗಿ ಸುಳಿದು ಕೊರೆದ ಗುಂಡಿ, ತಳ ಕಾಣದಷ್ಟು. ಪಕ್ಕದಲ್ಲಿ ಎರಡೂ ಸೆಳವಿಗೆ ಸಿಗದ ಮೂಲೆ, ಅಲ್ಲಿ ನೊರೆ ಮತ್ತು ಎಲೆ ನಿಧಾನಕ್ಕೆ ಗಾಣದ ಹಾಗೆ ಸುತ್ತುತ್ತಿದ್ದವು, ಅದರಡಿ ರೆಪ್ಪೆಗೂದಲಿನಷ್ಟು ಮರಿಗಳು. ಕಾಲು ಇಟ್ಟರೆ ಒಂದು ಪಾದಕ್ಕೆ ಹೊಳೆಯ ಬಿಸಿ, ಇನ್ನೊಂದು ಪಾದಕ್ಕೆ ಕಾಡಿನ ನೆರಳಿನಲ್ಲಿ ಬಂದ ತಣ್ಣನೆ ನೀರು. ಹತ್ತು ಮಾರು ಜಾಗದಲ್ಲಿ ಆಳ, ತೆಳು, ಬಿಸಿ, ತಂಪು, ಸೆಳವು, ನಿಂತ ನೀರು ಎಲ್ಲಾ. ಎಲ್ಲಾ ನಮೂನೆ ನೀರು ಅಂದರೆ ಇದು.

ಎಲ್ಲ ಬಾಯಿಯೂ ಹೀಗಿರುವುದಿಲ್ಲ. ಬಂದು ಸೇರುವ ಹಳ್ಳ ಹೊಳೆಗೆ ಹೋಲಿಸಿದರೆ ಎಷ್ಟು ದೊಡ್ಡದು ಅನ್ನುವುದರ ಮೇಲೆ ಹೋಗುತ್ತದೆ. ಬಚ್ಚಲ ನೀರಿನಷ್ಟು ಹಳ್ಳ ತುಂಗೆಗೆ ಬಿದ್ದರೆ ತುಂಗೆಗೆ ಗೊತ್ತೇ ಆಗುವುದಿಲ್ಲ, ಅದೇ ಹಳ್ಳ ಇನ್ನೊಂದು ಹಳ್ಳಕ್ಕೆ ಬಿದ್ದರೆ ಅಲ್ಲೊಂದು ಪ್ರಪಂಚ. ಹಾಗಾಗಿ ಹೊಳೆಗೆ ನೀರು ಹರಿದುಬರುವ ಸೀಮೆಯ ಆಕಾರವೂ ಲೆಕ್ಕಕ್ಕೆ ಬರುತ್ತದೆ. ಅರಳಿ ಎಲೆಯಂತೆ ಅಗಲವಾದ ಸೀಮೆಯಲ್ಲಿ ಸರೀಕರು ಸರೀಕರ ಜೊತೆ ಕೂಡುತ್ತಾ ಬರುತ್ತಾರೆ, ಕೆಳಗಿನವರೆಗೂ ದೊಡ್ಡ ದೊಡ್ಡ ಗಂಟುಗಳು. ಮಾವಿನ ಎಲೆಯಂತೆ ಉದ್ದನೆಯ ಸೀಮೆಯಲ್ಲಿ ನಡುನರಕ್ಕೆ ಸಣ್ಣಪುಟ್ಟವು ಬಂದು ಸೇರುತ್ತಾ ಇರುತ್ತವೆ, ಕೆಳಗೆ ಹೋದಂತೆ ಗಂಟು ಅಂತ ಹೇಳಿಕೊಳ್ಳುವಂಥದ್ದು ಕಮ್ಮಿ.

ಕವಲುಗಳಿಂದ ಇನ್ನೊಂದು ಉಪಕಾರ ಇದೆ. ಒಂದು ಕವಲು ಕೆಟ್ಟರೆ ಇನ್ನೊಂದು ಇರುತ್ತದೆ. ಒಂದು ಗುಡ್ಡದ ಮೇಲೆ ಮಳೆ ಹೊಡೆದು ಒಂದು ಹಳ್ಳ ಕೆಂಪಾದ ದಿನ ಪಕ್ಕದ ಹಳ್ಳ ತಿಳಿಯಾಗೇ ಇರಬಹುದು, ಮೀನು ಅಲ್ಲಿಗೆ ತಿರುಗಿಕೊಳ್ಳುತ್ತದೆ. ಕುದುರೆಮುಖದಲ್ಲಿ ಕಬ್ಬಿಣದ ಅದಿರು ತೆಗೆಯುತ್ತಿದ್ದ ಕಾಲದಲ್ಲಿ ಭದ್ರೆ ಮಳೆಗಾಲದಲ್ಲಿ ಹೂಳು ಹೊತ್ತು ಬರುತ್ತಿದ್ದಳು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಅಷ್ಟು ವರ್ಷ ತುಂಗೆಗೆ ಆ ಹೂಳು ತಾಗಲಿಲ್ಲ, ಯಾಕಂದರೆ ಇಬ್ಬರೂ ಕೂಡುವುದು ಕೂಡ್ಲಿಯಲ್ಲಿ, ಅದಕ್ಕಿಂತ ಮೇಲೆ ಅವರದು ಬೇರೆ ಬೇರೆ ಮನೆ.

ಈಗ ತಲೆಬರಹದ ವಿಷಯಕ್ಕೆ ಬರೋಣ. ತುಂಗೆ ಮತ್ತು ಭದ್ರೆ ಹುಟ್ಟುವುದು ಒಂದೇ ಕಡೆ, ಕುದುರೆಮುಖದ ಕಾಡಿನಲ್ಲಿರುವ ಗಂಗಾಮೂಲದಲ್ಲಿ. ಒಬ್ಬಳ ತಲೆಯಿಂದ ಇನ್ನೊಬ್ಬಳ ತಲೆಗೆ ನಡೆದೇ ಹೋಗಬಹುದು. ಆದರೆ ತುಂಗೆಯ ತುದಿಹಳ್ಳದ ಒಂದು ಮೀನು ಭದ್ರೆಯ ತುದಿಹಳ್ಳದ ಮೀನನ್ನು ನೋಡಬೇಕಂದರೆ? ಶೃಂಗೇರಿ, ತೀರ್ಥಹಳ್ಳಿ, ಶಿವಮೊಗ್ಗ ದಾಟಿ ಕೂಡ್ಲಿಯವರೆಗೆ 147 ಕಿಲೋಮೀಟರು ಇಳಿಯಬೇಕು. ಅಲ್ಲಿ ತಿರುಗಿ ಭದ್ರಾವತಿ, ಲಕ್ಕವಳ್ಳಿ, ಬಾಳೆಹೊನ್ನೂರು, ಕಳಸ ಅಂತ 178 ಕಿಲೋಮೀಟರು ಹತ್ತಬೇಕು. ಒಟ್ಟು 325 ಕಿಲೋಮೀಟರು. ಬೇಲಿಯಾಚೆಯ ಮನೆಗೆ ಹೋಗಲು ಬೆಂಗಳೂರಿಗೆ ಹೋಗಿ ಬಂದ ಹಾಗೆ. ಇನ್ನು ನೇತ್ರಾವತಿಯ ಮೂಲವೂ ಅದೇ ಬೆಟ್ಟಸಾಲಿನಲ್ಲೇ ಇದೆ. ಆದರೆ ಆಕೆ ಪಶ್ಚಿಮಕ್ಕೆ ಇಳಿದು, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯ ಜೊತೆಯಾಗಿ ಮಂಗಳೂರಿನಲ್ಲಿ ಅರಬ್ಬೀ ಸಮುದ್ರ ಸೇರುತ್ತಾಳೆ. ಸಿಹಿನೀರಿನ ಮೀನಿಗೆ ಆ ಹಾದಿಯೇ ಇಲ್ಲ, ನಡುವೆ ಎರಡು ಸಮುದ್ರದ ಉಪ್ಪು.

ನಾವು ದೂರವನ್ನು ನೆಲದ ಮೇಲೆ ಅಳೆಯುತ್ತೇವೆ. ಮೀನಿಗೆ ಇರುವುದು ಕೊಂಬೆಯ ಲೆಕ್ಕ. ಮರದ ಒಂದು ತುದಿಯಿಂದ ಪಕ್ಕದ ತುದಿಗೆ ಹೋಗಬೇಕಾದ ಇರುವೆ, ಎಲೆಗೆಲೆ ತಾಗದೆ ಇದ್ದರೆ, ಕಾಂಡದವರೆಗೆ ಇಳಿದೇ ಹತ್ತಬೇಕಲ್ವಾ, ಹಾಗೆ. ನೀರಿನಲ್ಲಿ ಬೆಳೆದು ಆಮೇಲೆ ರೆಕ್ಕೆ ಬರುವ ಏರೋಪ್ಲೇನ್ ಚಿಟ್ಟೆಯಂಥವು ಗುಡ್ಡ ಹಾರಿ ದಾಟುತ್ತವೆ. ಕಪ್ಪೆ ಒದ್ದೆ ರಾತ್ರಿಗಳಲ್ಲಿ ಕುಪ್ಪಳಿಸಿಕೊಂಡು ಸ್ವಲ್ಪ ದೂರ ಹೋದೀತು. ಮೀನಿಗೆ ಅದೂ ಇಲ್ಲ. ಅದಕ್ಕೇ ಪಕ್ಕಪಕ್ಕದ ತುದಿಹಳ್ಳಗಳ ಮೀನುಗಳು ಸಾವಿರಾರು ವರ್ಷ ಬೇರೆ ಬೇರೆಯಾಗಿ ಉಳಿದು, ಮೆಲ್ಲಗೆ ಬೇರೆ ಜಾತಿಗಳೇ ಆಗಿಬಿಡಬಹುದು. ಪಶ್ಚಿಮಘಟ್ಟದಲ್ಲಿ ಮುನ್ನೂರರ ಹತ್ತಿರ ಸಿಹಿನೀರಿನ ಮೀನು ಜಾತಿಗಳಿವೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಇದಕ್ಕೆ ಕಾರಣ ಹಲವಿದ್ದರೂ ಈ ಕವಲುಗಳ ಪಾಲು ದೊಡ್ಡದು ಅಂತ ನನಗನ್ನಿಸುತ್ತದೆ. ಒಮ್ಮೊಮ್ಮೆ, ಬಹಳ ಬಹಳ ಕಾಲಕ್ಕೊಮ್ಮೆ, ಒಂದು ಹೊಳೆ ತನ್ನ ತಲೆಯ ಕಡೆ ಬೆಟ್ಟ ಕೊರೆಯುತ್ತಾ ಹೋಗಿ ಆಚೆ ಬದಿಯ ಹಳ್ಳವನ್ನು ತನ್ನ ಕಡೆಗೆ ತಿರುಗಿಸಿಕೊಳ್ಳುವುದೂ ಉಂಟು. ಆಗ ಆ ಹಳ್ಳದ ಮೀನುಗಳು ರಾತ್ರೋರಾತ್ರಿ ಅಲ್ಲದಿದ್ದರೂ, ಇದ್ದಲ್ಲೇ ಇದ್ದು ಬೇರೆ ನದಿಯ ಪ್ರಜೆಗಳಾಗುತ್ತವೆ.

325 ಕಿಲೋಮೀಟರಿನ ಹಾದಿ ದೂರವಾದರೂ ಮೊದಲು ತೆರೆದೇ ಇತ್ತು. ಒಂದೇ ಮೀನು ಅಷ್ಟೂ ಹೋಗಬೇಕಾಗಿರಲಿಲ್ಲ. ಒಂದು ಸ್ವಲ್ಪ ಹೋಗಿ, ಅದರ ಮರಿ ಇನ್ನಷ್ಟು ಹೋಗಿ, ಹೇಗೋ ತಲೆಮಾರುಗಳಲ್ಲಿ ನೆಂಟಸ್ತನ ಉಳಿಯುತ್ತಿತ್ತು. ಈಗ ತುಂಗೆಗೆ ಗಾಜನೂರಿನಲ್ಲಿ ಅಣೆಕಟ್ಟು, ಭದ್ರೆಗೆ ಲಕ್ಕವಳ್ಳಿಯಲ್ಲಿ. ಭದ್ರಾ ಜಲಾಶಯದ ಗರಿಷ್ಠ ಮಟ್ಟ 186 ಅಡಿ ಅಂತ ಮಳೆಗಾಲದಲ್ಲಿ ದಿನಾ ಪೇಪರಿನಲ್ಲಿ ಓದುತ್ತೇವಲ್ಲ, ಅದನ್ನು ಕೆಳಗಿನಿಂದ ಬರುವ ಮೀನಿನ ಕಣ್ಣಿನಿಂದ ಒಮ್ಮೆ ಓದಿ ನೋಡಿ. ರಸ್ತೆ ಕಡಿದುಹೋದರೆ ಬಳಸು ದಾರಿ ಇರುತ್ತದೆ. ಮರಕ್ಕೆ ಬಳಸು ದಾರಿ ಇಲ್ಲ. ಒಂದು ಕಡೆ ಕಡಿದರೆ ಅಲ್ಲಿಂದ ಮೇಲಿನ ಅಷ್ಟೂ ಕೊಂಬೆ ಬೇರೆ. ನಾನು ಅಣೆಕಟ್ಟಿನ ವಿರೋಧಿ ಅಂತ ಹೇಳುತ್ತಿಲ್ಲ, ದಾವಣಗೆರೆಯ ಗದ್ದೆಗಳಲ್ಲಿ ಬೆಳೆದ ಅಕ್ಕಿಯನ್ನು ನಾನೂ ತಿಂದಿದ್ದೇನೆ. ಆದರೆ ಲೆಕ್ಕ ಬರೆಯುವಾಗ ಇದನ್ನೂ ಬರೆಯಬೇಕು.

ಶೃಂಗೇರಿಯ ಘಟ್ಟದಲ್ಲಿ ಮಂಡಕ್ಕಿ ಹಾಕಿದರೆ ಮುತ್ತಿಕೊಳ್ಳುವ ದೇವರ ಮೀನುಗಳನ್ನು ಎಲ್ಲರೂ ನೋಡಿರುತ್ತೀರಿ. ತೀರ್ಥಹಳ್ಳಿ ಹತ್ತಿರ ಚಿಪ್ಪಲಗುಡ್ಡೆಯಲ್ಲೂ ಇವೆ. ಅಲ್ಲಿ ಯಾರೂ ಗಾಳ ಹಾಕುವುದಿಲ್ಲ, ಆ ಭಕ್ತಿಯಿಂದಲೇ ಮಹಶೀರ್‌ನಂಥ ಮೀನು ಈ ಹೊಳೆಯಲ್ಲಿ ಉಳಿದಿದೆ ಅಂದರೂ ತಪ್ಪಿಲ್ಲ. ಆದರೆ ಮಹಶೀರ್ ಮಳೆಗಾಲದಲ್ಲಿ ಮೊಟ್ಟೆಗೆ ಅಂತ ಮೇಲಕ್ಕೆ, ಕವಲುಗಳಿಗೆ ಹತ್ತುವ ಮೀನು. ಗುಂಡಿಗೆ ದೇವರ ಕಾವಲಿದೆ. ಹೆಸರಿಲ್ಲದ ಹಳ್ಳಕ್ಕೆ ಯಾವ ದೇವರೂ ಇಲ್ಲ, ಪಂಚಾಯ್ತಿಯೂ ಇಲ್ಲ.

ಪೈಪಿನ ಕಥೆ ಇಲ್ಲಿಗೆ ಬರುತ್ತದೆ. ನಮ್ಮ ಹಳ್ಳಕ್ಕೆ ಅಡ್ಡ ಮೊದಲು ಒಂದು ಮರದ ಸಂಕ ಇತ್ತು. ರಸ್ತೆ ಬೇಕು ಅಂತ ನಾವೇ ಅರ್ಜಿ ಕೊಟ್ಟಿದ್ದು. ರಸ್ತೆ ಬಂತು. ಸಂಕದ ಜಾಗದಲ್ಲಿ ಎರಡು ಸಿಮೆಂಟ್ ಪೈಪ್ ಇಟ್ಟು ಮೇಲೆ ಮಣ್ಣು ಹಾಕಿದರು. ಮೊದಲ ವರ್ಷ ಪೈಪಿನ ಬಾಯಿ ಹಳ್ಳದ ಮಟ್ಟಕ್ಕೇ ಇತ್ತು. ಪೈಪಿನಿಂದ ರಭಸವಾಗಿ ಬೀಳುವ ನೀರು ಕೆಳಗೆ ನೆಲ ಕೊರೆಯಿತು, ಎರಡು ಮಳೆಗಾಲದಲ್ಲಿ ಪೈಪು ಹಳ್ಳಕ್ಕಿಂತ ಎರಡಡಿ ಮೇಲೆ ತೂಗಾಡತೊಡಗಿತು. ಎರಡಡಿ. ಒಳಗೆ ನುಣ್ಣನೆ ಸಿಮೆಂಟು, ಒಂದು ಕಲ್ಲಿಲ್ಲ, ಕಾಲೂರಲು ಅಂತ ಮೀನಿಗೆ ಹೇಳುವ ಹಾಗಿದ್ದರೆ ಅದಕ್ಕೊಂದು ಜಾಗ ಇಲ್ಲ. ಹತ್ತಿ ಬಂದ ಮೀನುಗಳೆಲ್ಲ ಆ ಕೊರೆದ ಗುಂಡಿಯಲ್ಲಿ ಗುಂಪಾಗಿ ನಿಲ್ಲುತ್ತವೆ. ಹಾರುತ್ತವೆ, ಬೀಳುತ್ತವೆ. ಊರ ಹುಡುಗರಿಗೆ ಬ್ಯಾಟರಿಯೂ ಬೇಡ, ಬಕೆಟ್ ಸಾಕು.

ಪೈಪಿನಿಂದ ಮೇಲೆ ನಮ್ಮ ಹಳ್ಳ ಇನ್ನೂ ಒಂದೂವರೆ ಕಿಲೋಮೀಟರು ಇದೆ, ಅದಕ್ಕೆ ಮೂರು ಕವಲು. ಎರಡಡಿ ಪೈಪಿಗೆ ಅಷ್ಟೂ ಹೋಯಿತು. ಚಿಕ್ಕಪ್ಪ ಹೋಗಿ ಕೇಳಿದಾಗ ಸಂಬಂಧಪಟ್ಟವರು ಕೊಟ್ಟ ಉತ್ತರ ಇಷ್ಟು: "ನೀರು ಹೋಗ್ತಾ ಇದ್ಯಲ್ಲಾ, ಮತ್ತೆಂತ ತೊಂದರೆ?"

ಅವರ ದೃಷ್ಟಿಯಲ್ಲಿ ತಪ್ಪಿಲ್ಲ. ನೀರು ಕೆಳಗೆ ಹೋಗುತ್ತಿದೆ. ಮೇಲಕ್ಕೆ ಹೋಗಬೇಕಾದವರೂ ಇದ್ದಾರೆ ಅನ್ನುವುದು ಅವರ ಎಸ್ಟಿಮೇಟಿನಲ್ಲಿ ಇರಲಿಲ್ಲ, ಅಷ್ಟೇ.

ಈ ಮೇ ತಿಂಗಳಲ್ಲಿ ಚಿಕ್ಕಪ್ಪ, ತೋಟಕ್ಕೆ ಬಂದ ಆಳುಗಳನ್ನು ಸೇರಿಸಿಕೊಂಡು ಪೈಪಿನ ಕೆಳಗೆ ಕಲ್ಲು ಜೋಡಿಸಿ ಮೆಟ್ಟಿಲಿನ ಹಾಗೆ ಮಾಡಿದ್ದರಂತೆ, ಗುಂಡಿಯ ನೀರು ಪೈಪಿನ ಮಟ್ಟಕ್ಕೆ ಬರಲಿ ಅಂತ. ನಾನು ಮತ್ತೆ ಫೋನ್ ಮಾಡಿದ್ದು ಜುಲೈನಲ್ಲಿ.

"ಕಲ್ಲು ನಿಂತಿದಾವಾ?"

"ಅರ್ಧ ಕೊಚ್ಚಿಕೊಂಡು ಹೋಯ್ತು. ಅದಕ್ಕೆ ಮೊದಲು ಸಣ್ಣವು ಒಂದಷ್ಟು ಹತ್ತಿದವು. ದೊಡ್ಡವಕ್ಕೆ ಆಗಲಿಲ್ಲ."

"ನೀವು ನೋಡಿದ್ರಾ?"

"ನೋಡದೆ ಏನು. ಮೇಲಿನ ಗದ್ದೆಯಂಚಿನಲ್ಲಿ ಮರಿ ಉಂಟು ಈಗ. ಈ ಸಲ ದೊಡ್ಡ ಕಲ್ಲು ಹಾಕ್ಬೇಕು, ಜೆಸಿಬಿಯವನಿಗೆ ಹೇಳಿಟ್ಟಿದೀನಿ," ಅಂದರು. ಆಮೇಲೆ ಅಡಿಕೆಗೆ ಕೊಳೆ ಬಂದಿದೆ, ಎರಡನೇ ಸಲ ಔಷಧಿ ಹೊಡೆಯೋಣ ಅಂದರೆ ಮಳೆ ಬಿಡುತ್ತಿಲ್ಲ ಅಂತ ಮಾತು ಆ ಕಡೆ ಹೋಯಿತು.